ಮೋಸಂಬಿ ಸಿಪ್ಪೆಯಿಂದ ಪೆಕ್ಟಿನ್ ತೆಗೆಯುವುದು: ಮನೆಯಲ್ಲಿ ಎಷ್ಟು ಆಗುತ್ತದೆ, ಎಲ್ಲಿ ನಿಲ್ಲಿಸಬೇಕು

ಮೋಸಂಬಿ ಸಿಪ್ಪೆಯಿಂದ ಪೆಕ್ಟಿನ್ ತೆಗೆಯಬಹುದಂತೆ, ಹೇಗೆ? ಈ ಪ್ರಶ್ನೆ ಎಷ್ಟು ಸಲ ಬಂದಿದೆ ಎಂದರೆ, ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲ ಒಂದೇ ಕಡೆ ಬರೆದಿಡುವುದು ವಾಸಿ ಅನ್ನಿಸಿತು. ಜಾಮ್ ಮಾಡಿ ಮಾರುವ ಸ್ವಸಹಾಯ ಸಂಘದವರು ಕೇಳುತ್ತಾರೆ. ತೋಟದಲ್ಲಿ ಚಕ್ಕೋತವೋ ಗಜನಿಂಬೆಯೋ ಇರುವವರು ಕೇಳುತ್ತಾರೆ. ಕೊಲೆಸ್ಟ್ರಾಲ್‌ಗೆ ಒಳ್ಳೆಯದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿದವರೂ ಕೇಳುತ್ತಾರೆ. ಇವರೆಲ್ಲರಿಗೂ ಬೇಕಾದ್ದು ಒಂದೇ ಅಲ್ಲ. ಜಾಮ್ ಮಾಡುವವರಿಗೆ ದ್ರವ ಪೆಕ್ಟಿನ್ ಸಾಕು. ಆರೋಗ್ಯಕ್ಕೆ ಎನ್ನುವವರಿಗೆ ಸಿಪ್ಪೆಯ ನಾರಿನ ಪುಡಿ ಸಾಕು. ಬಿಳಿ ಪುಡಿಯ ಪೆಕ್ಟಿನ್ ಬೇಕೇ ಬೇಕು ಎನ್ನುವವರಿಗೆ ಅಡುಗೆಮನೆ ಸಾಲದು. ಅದು ಏಕೆ ಎಂದು ಕೊನೆಗೆ ಹೇಳುತ್ತೇನೆ.

ಪೆಕ್ಟಿನ್ ಎಂದರೇನು?

ಗಿಡದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಗಾರೆ ಎಂದುಕೊಳ್ಳಿ. ಕಾಯಿ ಗಟ್ಟಿಯಾಗಿರುವುದು ಇದರಿಂದ. ಹಣ್ಣಾಗುತ್ತಾ ಮೆತ್ತಗಾಗುವುದು ಈ ಗಾರೆ ಸಡಿಲವಾಗುವುದರಿಂದ. ಫ್ರಾನ್ಸಿನ ರಸಾಯನ ವಿಜ್ಞಾನಿ ಹೆನ್ರಿ ಬ್ರಾಕೊನೋ 1825ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟ. ಹುಳಿ ಮತ್ತು ಸಕ್ಕರೆ ಜೊತೆ ಕಾಯಿಸಿ ಆರಿಸಿದರೆ ಇದು ಹೆಪ್ಪುಗಟ್ಟುತ್ತದೆ. ಜಾಮ್ ಗಟ್ಟಿಯಾಗುವ ಗುಟ್ಟು ಅದೇ. ಹೊಟ್ಟೆಗೆ ಹೋದರೆ ಇದು ನೀರಿನಲ್ಲಿ ಕರಗುವ ನಾರು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.

ಸಿಟ್ರಸ್ ಹಣ್ಣುಗಳ, ಅಂದರೆ ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯನ್ನು ಪೂರ್ತಿ ಒಣಗಿಸಿದರೆ ಅದರ ತೂಕದಲ್ಲಿ ಸುಮಾರು 20–30 ಭಾಗ ಪೆಕ್ಟಿನ್ ಇರುತ್ತದೆ. ಸೇಬಿನ ರಸ ಹಿಂಡಿದ ಚರಟದಲ್ಲಿ 10–15 ಭಾಗ. ಎರಡೂ ನೂರಕ್ಕೆ ಲೆಕ್ಕ. ಹಸಿ ಸಿಪ್ಪೆಯ ಮುಕ್ಕಾಲು ಪಾಲು ನೀರೇ. ಹಾಗಾಗಿ 1 ಕಿಲೋ ಹಸಿ ಸಿಪ್ಪೆಯಿಂದ ಮನೆಯ ವಿಧಾನದಲ್ಲಿ 20 ಗ್ರಾಂ ಆಸುಪಾಸು ಪೆಕ್ಟಿನ್ ಸಿಕ್ಕರೆ ಅದು ಒಳ್ಳೆಯ ಇಳುವರಿ. ಕಿಲೋಗಟ್ಟಲೆ ಬರುತ್ತದೆ ಎಂಬ ಕನಸು ಬೇಡ.

ಯಾವ ಸಿಪ್ಪೆ?

ನಮಗೆ ಬೇಕಾದ್ದು ಹೊರಗಿನ ಬಣ್ಣದ ಪದರವಲ್ಲ. ಅದರ ಕೆಳಗಿನ ಬಿಳಿ ಸ್ಪಂಜಿನಂಥ ಪದರ. ಅದು ದಪ್ಪವಿದ್ದಷ್ಟೂ ಲಾಭ. ಮಾದಲ, ಹೆರಳೆ, ಚಕ್ಕೋತ ಇದಕ್ಕೆ ಚೆನ್ನ. ದೇವನಹಳ್ಳಿ ಚಕ್ಕೋತ ಸುಲಿದವರಿಗೆ ಗೊತ್ತು, ತಿನ್ನುವ ತೊಳೆಗಿಂತ ಎಸೆಯುವ ಸ್ಪಂಜೇ ಜಾಸ್ತಿ. ಆದರೆ ಅದು ಕಹಿ. ಮೋಸಂಬಿ ಮಧ್ಯಮ, ಆದರೆ ಎಲ್ಲ ಊರಿನಲ್ಲೂ ಸಿಗುತ್ತದೆ. ಜ್ಯೂಸ್ ಅಂಗಡಿಯಲ್ಲಿ ಹಿಂಡಿ ಬಿಟ್ಟ ಚರಟದಲ್ಲೂ, ಅಂದರೆ ತೊಳೆಯ ಪೊರೆ ಮತ್ತು ನಾರಿನಲ್ಲೂ, ಸಾಕಷ್ಟು ಪೆಕ್ಟಿನ್ ಇದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ತೆಳು, ಬಿಳಿ ಪದರ ಕಡಿಮೆ. ಅದನ್ನು ಗೊಜ್ಜಿಗೇ ಇಟ್ಟುಕೊಳ್ಳಿ.

ಹಲಸಿನ ಸಾರೆಯಲ್ಲೂ ಪೆಕ್ಟಿನ್ ಇದೆ, ನಿಜ. ಮೇಣದ ಕಾಟ ಇರುವುದರಿಂದ ಮೊದಲ ಪ್ರಯತ್ನಕ್ಕೆ ಅದು ಬೇಡ.

ಒಂದು ಎಚ್ಚರಿಕೆ. ಕೀಟನಾಶಕ ಹೆಚ್ಚು ಉಳಿಯುವುದು ಸಿಪ್ಪೆಯಲ್ಲೇ. ಆಮದಾದ ಮಿರಿಮಿರಿ ಹೊಳೆಯುವ ಕಿತ್ತಳೆಗಳಿಗೆ ಮೇಣ ಬಳಿದಿರುತ್ತಾರೆ, ಬೂಷ್ಟು ಹಿಡಿಯದಂತೆ ಔಷಧಿಯನ್ನೂ ಹಾಕಿರುತ್ತಾರೆ. ಅವುಗಳ ಸಿಪ್ಪೆ ಮುಟ್ಟಬೇಡಿ. ತೊಳೆದರೆ ಹೊರಗೆ ಅಂಟಿದ್ದು ಒಂದಷ್ಟು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಗೊತ್ತಿರುವ ತೋಟದ ಹಣ್ಣು ಸಿಕ್ಕರೆ ಅದೇ ಬೆಸ್ಟ್.

ಬೇಕಾಗುವ ಸಾಮಾನು

ತಾಜಾ ಸಿಪ್ಪೆ 1 ಕಿಲೋ. ಸಿಟ್ರಿಕ್ ಆಸಿಡ್ 30 ಗ್ರಾಂ (ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎನ್ನುತ್ತಾರೆ). 5–6 ಲೀಟರಿನ ಸ್ಟೀಲ್ ಪಾತ್ರೆ. ಅಡುಗೆ ಥರ್ಮಾಮೀಟರ್. ಡಿಜಿಟಲ್ ತಕ್ಕಡಿ. ಪಿಎಚ್ ಪೇಪರ್, ಅಂದರೆ ಹುಳಿ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪಟ್ಟಿ. ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಸೋಸಲು ಹಳೆಯ ಪಂಚೆ ಬಟ್ಟೆ. ಅದನ್ನು ಸೋಪಿನ ವಾಸನೆ ಪೂರ್ತಿ ಹೋಗುವಂತೆ ಬಿಸಿನೀರಿನಲ್ಲಿ ಕುದಿಸಿ ತೆಗೆದಿಡಿ.

ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆ ಖಂಡಿತ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಅದು ನಿಮ್ಮ ಜಾಮಿಗೆ ಬರುತ್ತದೆ.

ಇನ್ನು ನೀರು. ಇದರಲ್ಲಿ ಎಡವುವವರೇ ಜಾಸ್ತಿ, ನಾನೂ ಮೊದಲ ಸಲ ಇದರಲ್ಲೇ ಎಡವಿದ್ದು. ಬೋರ್‌ವೆಲ್ ನೀರು ಬಳಸಬೇಡಿ. ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ಸುಣ್ಣದ ತಿಳಿಯಲ್ಲಿ ನೆನೆಸುತ್ತಾರಲ್ವಾ? ಹಾಗೆ ಮಾಡಿದರೆ ಎಷ್ಟು ಬೇಯಿಸಿದರೂ ಹೋಳು ಕರಗುವುದಿಲ್ಲ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಕಟ್ಟಿಹಾಕುತ್ತದೆ, ಗಾರೆ ಇನ್ನೂ ಗಟ್ಟಿಯಾಗುತ್ತದೆ. ಬೋರ್‌ವೆಲ್ಲಿನಂಥ ಗಡಸು ನೀರಿನಲ್ಲಿರುವುದೂ ಅದೇ ಕ್ಯಾಲ್ಸಿಯಂ. ಪೇಠಾಗೆ ಬೇಕಾದ ಗುಣ ನಮಗೆ ಶತ್ರು. ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು ಬಳಸಿ.

ಈಗ ಕೆಲಸ ಶುರು ಮಾಡೋಣ.

1. ಸಿಪ್ಪೆ ಸಿದ್ಧಪಡಿಸುವುದು

ಹಣ್ಣನ್ನು ಸುಲಿಯುವ ಮೊದಲೇ ಉಜ್ಜಿ ತೊಳೆಯಿರಿ. ಹೊರಗಿನ ಬಣ್ಣದ ಪದರವನ್ನು ತುರಿಮಣೆಯಲ್ಲಿ ತೆಳುವಾಗಿ ತುರಿದು ತೆಗೆಯಿರಿ. ಅದರಲ್ಲಿ ಎಣ್ಣೆಯ ಚೀಲಗಳಿವೆ, ಘಾಟು ಬರುವುದು ಅಲ್ಲಿಂದ. ಆ ತುರಿಯನ್ನು ಎಸೆಯಬೇಡಿ, ಒಣಗಿಸಿದರೆ ಕೇಕಿಗೆ, ಟೀಗೆ ಆಗುತ್ತದೆ. ಉಳಿದ ಬಿಳಿ ಭಾಗವನ್ನು ಅರ್ಧ ಸೆಂಟಿಮೀಟರ್ ಚೂರು ಮಾಡಿ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಬೇಡಿ. ರುಬ್ಬಿದರೆ ಸೋಸುವಾಗ ಬಟ್ಟೆಯ ಕಣ್ಣು ಕಟ್ಟಿಕೊಂಡು ಅರ್ಧ ದಿನ ಕಾಯಬೇಕಾಗುತ್ತದೆ.

ಜ್ಯೂಸ್ ಅಂಗಡಿಯಿಂದ ತರುವುದಾದರೆ ಕತ್ತರಿಸಿದ ಒಂದೆರಡು ಗಂಟೆಯೊಳಗೆ ತನ್ನಿ. ಸಂಜೆವರೆಗೆ ಮೂಟೆಯಲ್ಲಿ ಬೆವೆತ ಸಿಪ್ಪೆ ಉಪಯೋಗಕ್ಕೆ ಬಾರದು. ಅಂಗಡಿಯವರಿಗೆ ಮುಚ್ಚಳವಿರುವ ಶುದ್ಧ ಡಬ್ಬ ಕೊಟ್ಟು ಬಂದರೆ ಒಳ್ಳೆಯದು.

2. ಮೊದಲು ಬಿಸಿ, ಆಮೇಲೆ ನೆನೆಸುವುದು

ಈ ಹಂತ ಬಿಟ್ಟರೆ ಮುಂದಿನದೆಲ್ಲ ಸುಮ್ನೆ. ಸಿಪ್ಪೆಯೊಳಗೆ ಪೆಕ್ಟಿನ್ ಎಸ್ಟರೇಸ್ ಎಂಬ ಕಿಣ್ವ ಇದೆ. ಕಿಣ್ವ ಎಂದರೆ ಜೀವಕೋಶದೊಳಗಿನ ಪುಟ್ಟ ಕೆಲಸಗಾರ. ಸಿಪ್ಪೆ ಕತ್ತರಿಸಿದ ಕೂಡಲೇ ಇದು ಎಚ್ಚೆತ್ತು ಪೆಕ್ಟಿನ್ನಿನ ಗುಣ ಕೆಡಿಸಲು ಶುರುಮಾಡುತ್ತದೆ. ಇದನ್ನು ನಿಲ್ಲಿಸುವುದು ಬಿಸಿ.

ಮೂರು ಲೀಟರ್ ನೀರು ಕುದಿಸಿ. ಚೂರುಗಳನ್ನು ಹಾಕಿ 5 ನಿಮಿಷ 90 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಿ. ನೀರು ಬಸಿದು ಚೆಲ್ಲಿ. ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ಕಹಿಯ ಬಹುಪಾಲು, ಸಕ್ಕರೆ, ಬಣ್ಣ ಇದರಲ್ಲೇ ಹೋಗುತ್ತವೆ. ಚಕ್ಕೋತಕ್ಕೆ ಕಹಿ ಜಾಸ್ತಿ. ನಾರಿಂಜಿನ್ ಎಂಬ ವಸ್ತು ಅದಕ್ಕೆ ಕಾರಣ. ಅದಕ್ಕೆ ಬಿಸಿನೀರಿನ ಸ್ನಾನ ಎರಡು ಸಲ ಆಗಲಿ, ನಂತರ ಒಂದು ರಾತ್ರಿ ಫ್ರಿಜ್ಜಿನಲ್ಲಿ ನೀರಿನಲ್ಲಿ ನೆನೆಯಲಿ.

ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕಹಿ ಹೋಗಲಿ ಎಂದು ಹಸಿ ಸಿಪ್ಪೆಯನ್ನೇ ರಾತ್ರಿಯಿಡೀ ನೆನೆಸುತ್ತಾರೆ. ಅಷ್ಟು ಹೊತ್ತು ಕಿಣ್ವಕ್ಕೆ ಹಬ್ಬ.

3. ಹುಳಿ ನೀರಿನಲ್ಲಿ ಕಾಯಿಸುವುದು

ಸಿಪ್ಪೆಯಲ್ಲಿರುವ ಪೆಕ್ಟಿನ್ ಹಾಗೇ ನೀರಿಗೆ ಬರುವುದಿಲ್ಲ. ಅದನ್ನು ಬಿಡಿಸುವುದು ಹುಳಿ ಮತ್ತು ಬಿಸಿ. ಎರಡು ಲೀಟರ್ ಆರ್‌ಒ ನೀರಿಗೆ 30 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಹಿಂಡಿದ ಚೂರುಗಳನ್ನು ಹಾಕಿ. ಪಿಎಚ್ 2ರಿಂದ 2.5ರ ನಡುವೆ ಇರಬೇಕು. 2.5ಕ್ಕಿಂತ ಮೇಲಿದ್ದರೆ ಇನ್ನೊಂದು 5 ಗ್ರಾಂ ಹಾಕಿ ನೋಡಿ. ಕಾರ್ಖಾನೆಗಳು ಇದಕ್ಕಿಂತ ತೀಕ್ಷ್ಣವಾದ ಖನಿಜ ಆಮ್ಲ ಬಳಸುತ್ತವೆ. ಮನೆಯಲ್ಲಿ ಆ ಸಾಹಸ ಬೇಡ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಬಹುದಾ ಎಂದು ಕೇಳಿದವರೂ ಇದ್ದಾರೆ. ಬೇಡವೇ ಬೇಡ.

85 ಡಿಗ್ರಿಯ ಆಸುಪಾಸಿನಲ್ಲಿ 60ರಿಂದ 75 ನಿಮಿಷ ಇಡಿ. ನೀರಿನ ಮೇಲೆ ಸಣ್ಣಗೆ ನಡುಕ ಇರಲಿ, ಕೊತಕೊತ ಕುದಿಯುವುದು ಬೇಡ. ಹತ್ತು ನಿಮಿಷಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವಿ. ಇನ್ನೂ ಬರಲಿ ಎಂದು ಮೂರು ಗಂಟೆ ಕುದಿಸಬೇಡಿ. ಪೆಕ್ಟಿನ್ ಉದ್ದದ ಸರಪಳಿ. ಅತಿಯಾಗಿ ಕುದಿಸಿದರೆ ಸರಪಳಿ ತುಂಡು ತುಂಡಾಗುತ್ತದೆ. ನೋಡಲು ಮಂದವಾಗಿದ್ದರೂ ಜಾಮ್ ಗಟ್ಟಿಯಾಗುವುದಿಲ್ಲ. ಕುಕ್ಕರ್ ಬೇಡ ಎನ್ನುವುದಕ್ಕೂ ಇದೇ ಕಾರಣ. ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕುವುದು ಇನ್ನೂ ಕೆಟ್ಟದು. ಸೋಡಾ ಮತ್ತು ಬಿಸಿ ಸೇರಿದರೆ ಪೆಕ್ಟಿನ್ ಉಳಿಯುವುದೇ ಇಲ್ಲ.

4. ಸೋಸುವುದು

ಬಿಸಿ ಇರುವಾಗಲೇ ಸೋಸಿ. ಆರಿದರೆ ದ್ರವ ಮಂದವಾಗಿ ಇಳಿಯುವುದಿಲ್ಲ. ಒದ್ದೆ ಮಾಡಿದ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ಕೊನೆಯಲ್ಲಿ ಮೆಲ್ಲಗೆ ಒತ್ತಬಹುದು, ಬಲವಾಗಿ ಹಿಂಡಿದರೆ ಗಸಿ ಬರುತ್ತದೆ. ತಿಳಿಯಾದ ಜೆಲ್ಲಿ ಬೇಕಾದವರು ಒತ್ತಲೇಬೇಡಿ. ಬಟ್ಟೆಯಲ್ಲಿ ಉಳಿದ ಸಿಪ್ಪೆಯನ್ನು ಎತ್ತಿಡಿ, ಅದರ ಕಥೆ ಆಮೇಲೆ.

5. ಬತ್ತಿಸುವುದು

ಸುಮಾರು 1.75 ಲೀಟರ್ ದ್ರವ ಸಿಗುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ. ಗಂಜಿಯ ತಿಳಿಯಷ್ಟು ಮಂದವಾದರೆ ಸಾಕು. ಇದೇ ನಿಮ್ಮ ದ್ರವ ಪೆಕ್ಟಿನ್.

6. ಪರೀಕ್ಷೆ

ಒಂದು ಚಮಚ ದ್ರವ ಪೂರ್ತಿ ಆರಲಿ. ಗಾಜಿನ ಬಟ್ಟಲಿಗೆ ಹಾಕಿ ಮೂರು ಚಮಚ ಸರ್ಜಿಕಲ್ ಸ್ಪಿರಿಟ್ ಸೇರಿಸಿ ಮೆಲ್ಲಗೆ ಅಲುಗಾಡಿಸಿ. ಎರಡು ನಿಮಿಷ ಬಿಡಿ. ಫೋರ್ಕಿನಿಂದ ಎತ್ತಬಹುದಾದಂಥ ಒಂದೇ ಗಟ್ಟಿ ಮುದ್ದೆಯಾದರೆ ಪೆಕ್ಟಿನ್ ಚೆನ್ನಾಗಿದೆ. ಎರಡು ಮೂರು ತುಂಡಾದರೆ ಪರವಾಗಿಲ್ಲ, ಸ್ವಲ್ಪ ಬತ್ತಿಸಿ. ಎಳೆ ಎಳೆಯಾಗಿ ತೇಲಿದರೆ ಕಡಿಮೆ ಇದೆ ಎಂದರ್ಥ. ಏನೂ ಆಗದಿದ್ದರೆ ಎರಡನೇ ಹಂತಕ್ಕೆ ಹೋಗಿ ಎಲ್ಲಿ ತಪ್ಪಿತು ಎಂದು ಯೋಚಿಸಿ.

ಸ್ಪಿರಿಟ್ ವಿಷ. ಪರೀಕ್ಷೆಯ ಬಟ್ಟಲಿನದನ್ನು ಚೆಲ್ಲಬೇಕು, ನಾಲಿಗೆಗೆ ತಾಗಿಸಬಾರದು, ಮತ್ತೆ ಪಾತ್ರೆಗೆ ಸುರಿಯಬಾರದು. ಈ ಪರೀಕ್ಷೆ ಮಾಡುವಾಗ ಒಲೆ ಆರಿರಬೇಕು.

7. ಇಡುವುದು

ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಅದಕ್ಕಿಂತ ಜಾಸ್ತಿ ದಿನಕ್ಕೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡಿ, ತುಂಡುಗಳನ್ನು ಡಬ್ಬಕ್ಕೆ ತುಂಬಿಡಿ. ತಿಂಗಳುಗಟ್ಟಲೆ ಇರುತ್ತದೆ. ಟ್ರೇಯ ಒಂದು ಗುಳಿ ಎಷ್ಟು ಮಿಲಿ ಹಿಡಿಯುತ್ತದೆ ಎಂದು ಒಮ್ಮೆ ಅಳೆದು ಡಬ್ಬದ ಮೇಲೆ ಬರೆದಿಟ್ಟರೆ ಆಮೇಲೆ ಲೆಕ್ಕ ಸುಲಭ.

ಜಾಮಿಗೆ ಬಳಸುವಾಗ

ಚಿಕ್ಕು, ಪಪ್ಪಾಯಿ, ಬಾಳೆಯಂಥ ಹುಳಿ ಕಡಿಮೆಯ ಹಣ್ಣುಗಳ ಜಾಮ್ ಸಡಿಲವಾಗುತ್ತದೆ ಎನ್ನುವುದೇ ಎಲ್ಲರ ದೂರು. 1 ಕಿಲೋ ಜಾಮಿಗೆ 200 ಮಿಲಿ ದ್ರವ ಪೆಕ್ಟಿನ್ ಹಾಕಿ ಶುರುಮಾಡಿ. ಇದರಲ್ಲೇ ಸಾಕಷ್ಟು ಹುಳಿ ಇದೆ. ರುಚಿ ನೋಡದೆ ಮೇಲೆ ನಿಂಬೆರಸ ಹಿಂಡಬೇಡಿ.

ಪಾಕ ಯಾವಾಗ ಇಳಿಸಬೇಕು? ಪುಸ್ತಕಗಳು 104–105 ಡಿಗ್ರಿ ಎನ್ನುತ್ತವೆ. ಅದು ಮಂಗಳೂರಿಗೆ ಸರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಬೆಂಗಳೂರಿನಲ್ಲಿ 105ಕ್ಕೆ ಕಾದರೆ ಜಾಮ್ ಹೋಗಿ ಮಿಠಾಯಿ ಆಗುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕೆ ನಾಲ್ಕೂವರೆ ಸೇರಿಸಿ. ಅದೇ ನಿಮ್ಮ ಗುರುತು. ಆ ಹೊತ್ತಿಗೆ ಪಾಕದಲ್ಲಿ ಸಕ್ಕರೆ ನೂರಕ್ಕೆ 65ರಷ್ಟು ಇರುತ್ತದೆ.

ಬೆಲ್ಲ ಹಾಕಬಹುದಾ? ಹಾಕಬಹುದು, ಆದರೆ ಜಾಮ್ ಮೆತ್ತಗಾಗುತ್ತದೆ. ಬೆಲ್ಲ ಕಾಯಿಸುವಾಗ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರೆ, ಹಾಗಾಗಿ ಪಾಕದ ಹುಳಿ ತಗ್ಗುತ್ತದೆ. ಆಗ ಮಾತ್ರ ನಿಂಬೆರಸ ಜಾಸ್ತಿ ಬೇಕು. ಸಕ್ಕರೆಯೇ ಇಲ್ಲದ ಜಾಮ್? ಇದರಿಂದ ಆಗುವುದಿಲ್ಲ. ನಾವು ತೆಗೆದದ್ದು ಹೈ ಮೆಥಾಕ್ಸಿಲ್ ಜಾತಿಯ ಪೆಕ್ಟಿನ್, ಅಂದರೆ ಜಾಸ್ತಿ ಸಕ್ಕರೆ ಮತ್ತು ಹುಳಿ ಎರಡೂ ಇದ್ದರೆ ಮಾತ್ರ ಹೆಪ್ಪುಗಟ್ಟುವಂಥದ್ದು. ಸಕ್ಕರೆ ಕಡಿಮೆಯ ಜಾಮಿಗೆ ಲೋ ಮೆಥಾಕ್ಸಿಲ್ ಬೇಕು. ಅದು ಕ್ಯಾಲ್ಸಿಯಂನಿಂದ ಹೆಪ್ಪುಗಟ್ಟುತ್ತದೆ. ಅದನ್ನು ಅಂಗಡಿಯಿಂದಲೇ ತರಬೇಕು.

ಆರೋಗ್ಯಕ್ಕೆ ಎಂದು ಕೇಳಿದವರಿಗೆ

ಯುರೋಪ್ ಒಕ್ಕೂಟದ ನಿಯಮದಲ್ಲಿ ಪೆಕ್ಟಿನ್ ಬಗ್ಗೆ ಎರಡು ಮಾತು ಹೇಳಲು ಅವಕಾಶ ಇದೆ. ದಿನಕ್ಕೆ 6 ಗ್ರಾಂ ತೆಗೆದುಕೊಂಡರೆ ರಕ್ತದ ಕೊಲೆಸ್ಟ್ರಾಲ್ ಸಹಜ ಮಟ್ಟದಲ್ಲಿ ಉಳಿಯಲು ಸಹಾಯ. ಒಂದು ಊಟದ ಜೊತೆ 10 ಗ್ರಾಂ ತೆಗೆದುಕೊಂಡರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ. ಎರಡೂ ಸಣ್ಣ ಪ್ರಮಾಣವಲ್ಲ.

ನಮ್ಮ ಜಾಮಿನ ಲೆಕ್ಕ ಹಾಕೋಣ. 200 ಮಿಲಿ ದ್ರವದಲ್ಲಿ ಸುಮಾರು 4 ಗ್ರಾಂ ಪೆಕ್ಟಿನ್. ಅದು 1 ಕಿಲೋ ಜಾಮಿನಲ್ಲಿ ಹರಡಿದೆ. 6 ಗ್ರಾಂ ಬೇಕೆಂದರೆ ದಿನಕ್ಕೆ ಒಂದೂವರೆ ಕಿಲೋ ಜಾಮ್ ತಿನ್ನಬೇಕು! ಜಾಮ್ ರುಚಿಗೆ ತಿನ್ನಿ, ಔಷಧಿ ಎಂದು ತಿನ್ನಬೇಡಿ. ದ್ರವವನ್ನೇ ಕುಡಿಯುತ್ತೇನೆ ಎಂದರೆ ಹಲ್ಲು ಚುಳ್ ಎನ್ನುವಷ್ಟು ಹುಳಿ.

ನಿಮಗೆ ಸರಿಹೋಗುವುದು ನಾರಿನ ಪುಡಿ. ಇದಕ್ಕೆ ಹುಳಿ ನೀರಿನಲ್ಲಿ ಕಾಯಿಸುವ ಕೆಲಸವೇ ಇಲ್ಲ. ಮೊದಲ ಎರಡು ಹಂತ ಮಾಡಿ, ಬಿಸಿನೀರಿನ ಸ್ನಾನವನ್ನು ಎರಡು ಸಲ ಮಾಡಿ, ಚೆನ್ನಾಗಿ ಹಿಂಡಿ. ತೆಳುವಾಗಿ ಹರಡಿ 55–60 ಡಿಗ್ರಿಯ ಡ್ರೈಯರಿನಲ್ಲಿ, ಇಲ್ಲವೇ ಬಲವಾದ ಬಿಸಿಲಿನಲ್ಲಿ ತೆಳು ಬಟ್ಟೆ ಮುಚ್ಚಿ ಒಣಗಿಸಿ. ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಇನ್ನೂ ಒಣಗಬೇಕು, ಹಾಗೇ ಡಬ್ಬಕ್ಕೆ ಹಾಕಿದರೆ ಬೂಷ್ಟು ಗ್ಯಾರಂಟಿ. ಪುಡಿ ಮಾಡಿ ಜರಡಿ ಹಿಡಿದು ಗಾಳಿಯಾಡದ ಡಬ್ಬದಲ್ಲಿ ಇಡಿ. ಕರಗುವ ಮತ್ತು ಕರಗದ ನಾರು ಎರಡೂ ಇದರಲ್ಲಿವೆ. 10 ಗ್ರಾಂ ಪುಡಿಯಲ್ಲಿ ಸುಮಾರು 2–3 ಗ್ರಾಂ ಪೆಕ್ಟಿನ್.

ಚಪಾತಿ, ರೊಟ್ಟಿ ಹಿಟ್ಟಿಗೆ 100 ಗ್ರಾಮಿಗೆ 3 ಗ್ರಾಂ ಹಾಕಿ ಶುರುಮಾಡಿ. 5 ದಾಟಿದರೆ ಕಹಿ ತಿಳಿಯುತ್ತದೆ, ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ. ರಾಗಿ ಅಂಬಲಿಯಲ್ಲಿ ಗೊತ್ತೇ ಆಗುವುದಿಲ್ಲ. ಒಮ್ಮೆಗೇ ಜಾಸ್ತಿ ತಿಂದರೆ ಹೊಟ್ಟೆಯುಬ್ಬರ ಖಾತ್ರಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ನೀರು ಸಾಕಷ್ಟು ಕುಡಿಯಿರಿ. ನುಂಗಲು ತೊಂದರೆ ಇರುವ ಹಿರಿಯರಿಗೆ ಒಣ ಪುಡಿ ಕೊಡಬೇಡಿ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ದಿನಾ ಮಾತ್ರೆ ನುಂಗುವವರು ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇಡಿ. ಚಕ್ಕೋತದ ಪುಡಿಯಾದರೆ ಇನ್ನೊಂದು ಮಾತು: ಕೊಲೆಸ್ಟ್ರಾಲಿನ ಕೆಲವು ಮಾತ್ರೆ, ಬಿಪಿಯ ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ. ಮಾತ್ರೆಯ ಪ್ರಭಾವ ಬೇಡದಷ್ಟು ಏರಬಹುದು. ಮೊದಲು ಡಾಕ್ಟರನ್ನು ಕೇಳಿ.

ನಾಲ್ಕನೇ ಹಂತದಲ್ಲಿ ಎತ್ತಿಟ್ಟ ಸಿಪ್ಪೆಯನ್ನೂ ನೀರಿನಲ್ಲಿ ಹುಳಿ ಹೋಗುವವರೆಗೆ ತೊಳೆದು ಹೀಗೇ ಒಣಗಿಸಬಹುದು. ಅದರಲ್ಲಿ ಕರಗದ ನಾರೇ ಹೆಚ್ಚು.

ಪುಡಿ ಪೆಕ್ಟಿನ್ ಏಕೆ ಮನೆಯಲ್ಲಿ ಬೇಡ?

ದ್ರವವನ್ನು ತಟ್ಟೆಯಲ್ಲಿ ಸುರಿದು ಒಣಗಿಸಿ ಪುಡಿ ಮಾಡಿ, ಅಷ್ಟೇ ಎನ್ನುವ ವಿಡಿಯೊಗಳಿವೆ. ಮಾಡಿ ನೋಡಿದರೆ ಸಿಗುವುದು ಅಂಟಂಟಾದ ಹುಳಿ ಹಾಳೆ. ತೂಕ ಚೆನ್ನಾಗಿಯೇ ಬರುತ್ತದೆ, ಖುಷಿಯೂ ಆಗುತ್ತದೆ. ಆದರೆ ಆ ತೂಕದ ಅರ್ಧ ನೀವೇ ಹಾಕಿದ ಸಿಟ್ರಿಕ್ ಆಸಿಡ್. ಒಂದಿಷ್ಟು ಸಕ್ಕರೆಯೂ ಸೇರಿರುತ್ತದೆ.

ಪೆಕ್ಟಿನ್ನನ್ನು ಮಾತ್ರ ಬೇರ್ಪಡಿಸಲು ಮದ್ಯಸಾರ ಬೇಕು. ಒಂದು ಪಾಲು ದ್ರವಕ್ಕೆ ಎರಡು ಪಾಲು 95 ಶೇಕಡಾ ಎಥೆನಾಲ್ ಸುರಿದರೆ ಪೆಕ್ಟಿನ್ ಮುದ್ದೆಯಾಗಿ ಬೇರೆಯಾಗುತ್ತದೆ, ಹುಳಿ ಮತ್ತು ಸಕ್ಕರೆ ದ್ರವದಲ್ಲೇ ಉಳಿಯುತ್ತವೆ. ಮುದ್ದೆಯನ್ನು ಒತ್ತಿ, 70 ಶೇಕಡಾ ಎಥೆನಾಲಿನಲ್ಲಿ ಎರಡು ಮೂರು ಸಲ ತೊಳೆದು, 40–50 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಅಷ್ಟು ತೀಕ್ಷ್ಣ ಎಥೆನಾಲ್ ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಅದರ ಆವಿಗೆ ಕಿಡಿ ತಾಗಿದರೆ ಮನೆಯೇ ಹೋಗುತ್ತದೆ. ವೋಡ್ಕಾದಲ್ಲಿ ಮದ್ಯಸಾರ ಸಾಲದು. ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ತಿನ್ನುವ ಪದಾರ್ಥಕ್ಕೆ ಎಂದೂ ಹಾಕಬಾರದು. ಬಳಸಿದ ಎಥೆನಾಲನ್ನು ಬಟ್ಟಿ ಇಳಿಸಿ ಮತ್ತೆ ಬಳಸುವ ವ್ಯವಸ್ಥೆ ಇಲ್ಲದಿದ್ದರೆ ಖರ್ಚೂ ಗಿಟ್ಟುವುದಿಲ್ಲ. ಘಟಕ ಹಾಕುವ ಯೋಚನೆ ಇದ್ದರೆ ಮೊದಲು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ (ಸಿಎಫ್‌ಟಿಆರ್‌ಐ) ಒಂದು ಸಲ ಹೋಗಿ ಬನ್ನಿ. ಆಹಾರ ತಂತ್ರಜ್ಞಾನದ ತರಬೇತಿಯನ್ನೂ ತಂತ್ರಜ್ಞಾನ ವರ್ಗಾವಣೆಯನ್ನೂ ಅವರು ಮಾಡುತ್ತಾರೆ.

ಅಂಗಡಿಯ ಪುಡಿ ಪೆಕ್ಟಿನ್ ತಂದವರಿಗೆ ಒಂದು ಉಪಾಯ. ಅದನ್ನು ನೇರ ಬಿಸಿ ಪಾಕಕ್ಕೆ ಹಾಕಿದರೆ ಗಂಟಾಗುತ್ತದೆ, ಆ ಗಂಟು ಒಡೆಯುವುದೇ ಇಲ್ಲ. ಐದು ಪಟ್ಟು ಸಕ್ಕರೆಯಲ್ಲಿ ಒಣದಾಗಿ ಬೆರೆಸಿ, ತಿರುವುತ್ತಾ ಉದುರಿಸಿ.

ಮಾರುವವರಿಗೆ

ಜಾಮ್ ಆಗಲಿ ನಾರಿನ ಪುಡಿಯಾಗಲಿ, ಮಾರಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಲೇಬಲ್ಲಿನಲ್ಲಿ ಶುಗರ್ ವಾಸಿ ಮಾಡುತ್ತದೆ, ಕೊಲೆಸ್ಟ್ರಾಲ್ ಕರಗಿಸುತ್ತದೆ ಎಂದೆಲ್ಲ ಬರೆಯುವಂತಿಲ್ಲ. ನಾರಿನ ಪುಡಿ ಮಾರುವ ಮುಂಚೆ ಒಂದು ಬ್ಯಾಚನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಕೀಟನಾಶಕದ ಉಳಿಕೆಗೆ ಪರೀಕ್ಷೆ ಮಾಡಿಸಿ. ಹಣ್ಣಿಗಿಂತ ಸಿಪ್ಪೆಯಲ್ಲಿ ಅದು ಜಾಸ್ತಿ, ಒಣಗಿಸಿದಾಗ ನೀರು ಹೋಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಸಿಪ್ಪೆ ಕೊಡುವ ಅಂಗಡಿಯೋ ತೋಟವೋ ಬದಲಾದರೆ ಮತ್ತೆ ಪರೀಕ್ಷೆ ಮಾಡಿಸಬೇಕು.